ತಿಹೊ ಮತ್ತು ಗುರುವಾರದ ತಂತಿ

ತಿಹೊಮಿರ್ ವುಕಾಸ್ ತೀರಿಕೊಂಡು ನಿನ್ನೆಗೆ ನಲವತ್ತು ದಿನ. ನಮ್ಮಲ್ಲಿ ನಲವತ್ತಕ್ಕೆ ಗೋಧಿ ಬೇಯಿಸಿ, ಸಕ್ಕರೆ, ಬಾದಾಮಿ, ದಾಳಿಂಬೆ ಕಾಳು ಬೆರೆಸಿ ಸತ್ತವರ ಹೆಸರಿನಲ್ಲಿ ಹಂಚುತ್ತೇವೆ. ತಿಹೊ ನಮ್ಮ ಗ್ರೀಕರ ಚರ್ಚಿನವನಲ್ಲ. ಅವನು ಕ್ರೊವೇಷಿಯಾದವನು, ತನ್ನವರ ಚರ್ಚಿಗೂ ಅಲ್ಲಿನ ಮೈಕ್ ಕೆಟ್ಟಾಗ ಮಾತ್ರ ಹೋಗುತ್ತಿದ್ದವನು. ಆದರೂ ಬೇಯಿಸಿದೆ. ಆಸ್ಟ್ರೇಲಿಯಾದ ಮರುಭೂಮಿಯಲ್ಲಿರುವ ನಮ್ಮ ಕೂಬರ್ ಪೀಡಿಯ ಅರ್ಧ ಊರು ಬಂದು ತಿಂದು ಹೋಯಿತು. ಬಂದವರೆಲ್ಲ ಹೆಚ್ಚುಕಡಿಮೆ ಒಂದೇ ಮಾತು ಹೇಳಿದರು: "ಇನ್ನು ನಮ್ಮನೆ ಇಂಟರ್ನೆಟ್ ಕೆಟ್ರೆ ಯಾರನ್ನ ಕರೆಯೋದು ಫೊಟಿನಿ?" ಅಳಲಾರದೆ ಹಾಗೆ ಹೇಳುತ್ತಿದ್ದಾರೆಂದು ನನಗೆ ತಿಳಿಯುತ್ತಿತ್ತು. ನನ್ನದೂ ಅದೇ ಸ್ಥಿತಿ. ಅದಕ್ಕೇ ಬರೆಯಲು ಕುಳಿತಿದ್ದೇನೆ.

ಅವನು ಈ ಊರಿಗೆ ಬಂದಾಗ ಇಪ್ಪತ್ತೆರಡು ವರ್ಷ. ಕಲ್ಲುಕುಟಿಗರ ದ್ವೀಪದಲ್ಲಿ ಹುಟ್ಟಿದವನಿಗೆ ಬಂಡೆಯ ಭಯವಿರಲಿಲ್ಲ. ಇಪ್ಪತ್ತೈದು ವರ್ಷ ಓಪಲ್ ಎಂಬ ಹೊಳೆಯುವ ರತ್ನದ ಗಣಿಗಳಲ್ಲಿ ಸಿಡಿಮದ್ದು ಇಟ್ಟ. ಇಲ್ಲಿ ಓಪಲ್ಲನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ, 'ಬಣ್ಣ' ಎನ್ನುತ್ತೇವೆ. ತಿಹೊ ಎರಡು ಸಲ ಒಳ್ಳೆಯ ಬಣ್ಣ ಕಂಡ, ಎರಡೂ ಸಲ ಅದೇ ಹುಮ್ಮಸ್ಸಿನಲ್ಲಿ ಇನ್ನಷ್ಟು ಅಗೆದು ಎಲ್ಲವನ್ನೂ ಕಳೆದುಕೊಂಡ. ಕೊನೆಗೆ ಚಾವಣಿಯ ಕಲ್ಲೊಂದು ಕಳಚಿ ಬೆನ್ನಿನ ಮೇಲೆ ಬಿದ್ದು, ಗಣಿ ಕೆಲಸ ನಿಂತಿತು.

ನಾನು ಆಗ ಶಾಲೆಯ ಲೈಬ್ರರಿ ನೋಡಿಕೊಳ್ಳುತ್ತಿದ್ದೆ. ಸೊಂಟಕ್ಕೆ ಅಗಲವಾದ ಪಟ್ಟಿ ಬಿಗಿದುಕೊಂಡು ಬಂದು, ನೆಟ್ಟಗೆ ಕೂತು, ನಮ್ಮಲ್ಲಿದ್ದ ಪತ್ತೇದಾರಿ ಕಾದಂಬರಿಗಳನ್ನೆಲ್ಲ ಓದಿ ಮುಗಿಸಿದ. ಓದಲು ಇನ್ನೇನೂ ಉಳಿಯದಿದ್ದಾಗ ಕಪಾಟಿನ ಸಂದಿಯಲ್ಲಿ ತಳ್ಳಿಟ್ಟಿದ್ದ ಕಂಪ್ಯೂಟರ್ ಅವನ ಕಣ್ಣಿಗೆ ಬಿತ್ತು.

"ಟೀಚರಮ್ಮ, ಇದು ಸತ್ತಿದ್ಯಾ, ನಿದ್ದೆ ಮಾಡ್ತಿದ್ಯಾ?"

"ಎರಡು ವರ್ಷದಿಂದ ಹೀಗೇ ಬಿದ್ದಿದೆ."

"ಹಂಗಾದ್ರೆ ನಂಗೆ ಕೊಡಿ. ಹೆಂಗೂ ಸತ್ತಿದೆ, ನಾನು ಹೊಸದಾಗಿ ಕೊಲ್ಲೋಕೆ ಏನೂ ಉಳಿದಿಲ್ಲವಲ್ಲ."

ಮೂರು ವಾರದ ನಂತರ ಅದು ಎದ್ದು ಕೂತಿತು. ಅಲ್ಲಿಂದ ಅವನ ಎರಡನೆಯ ಬದುಕು ಶುರುವಾಯಿತು.

ನಮ್ಮ ಮನೆಗಳೆಲ್ಲ ಗುಡ್ಡದ ಹೊಟ್ಟೆಯೊಳಗೆ ಕೊರೆದವು. ಹೊರಗೆ ನಲವತ್ತಾರು ಡಿಗ್ರಿ ಬಿಸಿಲಿದ್ದರೂ ಒಳಗೆ ಹೊದ್ದು ಮಲಗಬಹುದು. ಆದರೆ ಬಿಸಿಲನ್ನು ತಡೆಯುವ ಗೋಡೆ ವೈಫೈಯನ್ನೂ ತಡೆಯುತ್ತದೆ. ಅಡುಗೆಮನೆಯಲ್ಲಿ ಸಿಗುವ ಸಂಪರ್ಕ ಪಕ್ಕದ ಕೋಣೆಗೆ ದಾಟುವುದಿಲ್ಲ. ಪೇಟೆಯಿಂದ ರೂಟರ್ ತರಿಸಿ, ದೀಪ ಮಿನುಗುವುದನ್ನು ನೋಡಿ ಸಂತೋಷಪಟ್ಟು, ಮಂಚದ ಮೇಲೆ ಕೂತು ಏನೂ ಬರದೆ ಬೈಯುವವರೇ ಊರ ತುಂಬ. ತಿಹೊ ಹೋಗಿ ಗೋಡೆಯಲ್ಲಿ ತೂತು ಕೊರೆದು ತಂತಿ ಎಳೆದುಕೊಡುತ್ತಿದ್ದ. ಊಟ ಹಾಕಿದರೆ ಸಾಕಾಗಿತ್ತು. ಒಬ್ಬ ಮುದುಕ ಗಣಿಗಾರ ತನ್ನ ರೂಟರ್ ಯಾರಾದರೂ ಕದ್ದಾರೆಂದು ಅದನ್ನು ಬಣ್ಣ ಇಡುವ ಕಬ್ಬಿಣದ ತಿಜೋರಿಯಲ್ಲಿ ಬೀಗ ಹಾಕಿಟ್ಟು, "ಇಂಟರ್ನೆಟ್ ಬರ್ತಾನೇ ಇಲ್ಲ" ಎಂದು ದೂರುತ್ತಿದ್ದ. ತಿಹೊ ಮನೆಯೆಲ್ಲ ಹುಡುಕಿ, ಕೊನೆಗೆ ತಿಜೋರಿಯ ಬಾಗಿಲಿಗೆ ಕಿವಿಯಿಟ್ಟು, "ಒಳಗಿಂದ ಪಾಪ, ಕೂಗ್ತಾ ಇದೆ ಕಣೋ ತಾತ" ಎಂದನಂತೆ. ಅದನ್ನು ಹೇಳುವಾಗಲೆಲ್ಲ ಬೆನ್ನು ಹಿಡಿದುಕೊಂಡು ನಗುತ್ತಿದ್ದ.

ಅವನ ಕ್ರಮ ಒಂದೇ. ಮೊದಲು ಪ್ಲಗ್ ನೋಡು. ಆಮೇಲೆ ದಾರಿಯನ್ನು ಅರ್ಧ ಮಾಡು. ಈ ಅರ್ಧ ಸರಿಯಿದ್ದರೆ ತಪ್ಪು ಆ ಅರ್ಧದಲ್ಲಿ. ಆ ಅರ್ಧವನ್ನು ಮತ್ತೆ ಅರ್ಧ ಮಾಡು. "ರೂಟರ್ ಪೆಟ್ಟಿಗೆ ಬದಲಾಯಿಸೋದು ಸೋಮಾರಿಗಳ ಕೆಲಸ" ಎನ್ನುತ್ತಿದ್ದ. ಗಣಿಯಲ್ಲಿ ಬಣ್ಣದ ಜಾಡು ಹುಡುಕುವುದೂ ಹೀಗೆಯೇ ಎಂದು ನನ್ನ ಗಂಡ ಸ್ಟೆರ್ಯೋಸ್ ಹೇಳುತ್ತಿದ್ದ.

ತಿಹೊ ನಮ್ಮ ಪಕ್ಕದ ಮನೆಯವನು. ಮದುವೆಯಾಗಲಿಲ್ಲ. ಆದರೆ ಅವನ ಮನೆಯಲ್ಲಿ ಐದು ಮಲಗುವ ಕೋಣೆಗಳಿದ್ದವು. ಊರೊಳಗೆ ಗಣಿ ತೋಡಬಾರದೆಂಬುದು ಕಾನೂನು. ತನ್ನ ಮನೆಗೆ ಕೋಣೆ ಸೇರಿಸಬಾರದೆಂದು ಯಾವ ಕಾನೂನೂ ಹೇಳುವುದಿಲ್ಲ. ಹಾಗಾಗಿ ಇಲ್ಲಿ ಒಂಟಿ ಗಂಡಸರ ಮನೆಗಳೇ ಎಲ್ಲರ ಮನೆಗಿಂತ ದೊಡ್ಡವು. ಯಾರು ಎಲ್ಲಿ ಅಗೆಯುತ್ತಿದ್ದಾರೆಂದು ಯಾರೂ ಕೇಳುವುದಿಲ್ಲ, ಕೇಳಿದರೂ ಯಾರೂ ನಿಜ ಹೇಳುವುದಿಲ್ಲ.

ಎರಡು ಮನೆಗೂ ಸೇರಿ ಒಂದೇ ಸಂಪರ್ಕ ಸಾಕೆಂದು ಅವನೇ ತೀರ್ಮಾನಿಸಿದ್ದ. ಗುಡ್ಡದ ಮೇಲಿನ ಡಿಶ್ ಆಂಟೆನಾದಿಂದ ತಂತಿ ಅವನ ಗಾಳಿಕೊಳವೆಯೊಳಗೆ ಇಳಿದು ಅವನ ಅಡುಗೆಮನೆಯ ಪೆಟ್ಟಿಗೆಗೆ. ಅಲ್ಲಿಂದ ನಡುವಿನ ಬಂಡೆಯಲ್ಲಿ ಬೆರಳಗಲದ ತೂತು ಕೊರೆದು ನಮ್ಮ ಉಗ್ರಾಣಕ್ಕೆ. ಉಗ್ರಾಣಕ್ಕೆಂದು ಅವನು ಮೊದಲು ಕೊರೆದ ತೂತು ನಮ್ಮ ಬಚ್ಚಲಿನಲ್ಲಿ ಬಂದು ನಿಂತಿತ್ತು. ಸ್ಟೆರ್ಯೋಸ್ ಮೈಗೆಲ್ಲ ಸೋಪು ಹಚ್ಚಿಕೊಂಡು ನಿಂತಿದ್ದ.

"ಲೋ, ನಿನ್ನ ಲೆಕ್ಕದಲ್ಲಿ ನಾನು ಬೇಳೆ ಡಬ್ಬಿಯೇನೋ?" ಎಂಬ ಕೂಗು ನನಗೆ ಬೀದಿಯವರೆಗೂ ಕೇಳಿಸಿತು.

ನೆಲದೊಳಗೆ ಸೂರ್ಯನಿಲ್ಲ, ದಿಕ್ಕು ಮೋಸ ಮಾಡುತ್ತದೆ. ಎರಡನೆಯ ತೂತಿಗೆ ತಂತಿ ಗಿಡ್ಡವಾಯಿತು; ಎರಡು ತುಂಡು ಸೇರಿಸಿ, ನಡುವೆ ಒಂದು ಜೋಡಣೆ ಹಾಕಿ, ಗೋಡೆಯೊಳಕ್ಕೆ ತಳ್ಳಿಬಿಟ್ಟ. ಹಾಗೆ ಐದು ವರ್ಷ ನಡೆಯಿತು.

ಆಮೇಲೆ ಸ್ಟೆರ್ಯೋಸ್‌ಗೆ ಉಸಿರು ಕಟ್ಟತೊಡಗಿತು. ನಲವತ್ತು ವರ್ಷ ಕುಡಿದ ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಗಟ್ಟಿಯಾಗಿತ್ತು. ಮೂಗಿಗೆ ಆಮ್ಲಜನಕದ ನಳಿಕೆ ಬಂತು. ಡಾಕ್ಟರ್ ಟ್ರೆಲೋರ್ ಇದ್ದದ್ದು ಅಡಿಲೇಡಿನಲ್ಲಿ, ಒಂಬತ್ತು ಗಂಟೆಯ ದಾರಿ. ಪ್ರತಿ ಗುರುವಾರ ಹನ್ನೊಂದು ಗಂಟೆಗೆ ಆಕೆ ಕಂಪ್ಯೂಟರಿನ ಪರದೆಯಲ್ಲಿ ಅವನನ್ನು ನೋಡುವುದೆಂದು ಏರ್ಪಾಡಾಯಿತು. ಫೋನಿನಲ್ಲಿ ಮಾತಾಡಿದರೆ ಸಾಲದು. ಉಸಿರೆಳೆಯುವಾಗ ಕತ್ತು, ಎದೆ ಹೇಗೆ ಕೆಲಸ ಮಾಡುತ್ತವೆಂದು ಕಣ್ಣಾರೆ ಕಾಣಬೇಕಿತ್ತು. ಇಲ್ಲವಾದರೆ ಅವನು ಅಡಿಲೇಡಿನ ಆರೈಕೆ ಮನೆಗೆ ಹೋಗಿ ಇರಬೇಕು.

"ಹೋಗಲ್ಲ" ಎಂದ ಸ್ಟೆರ್ಯೋಸ್. "ಅಲ್ಲಿ ಕಿಟಕಿ ಇರುತ್ತೆ. ಕಿಟಕಿ ಇರೋ ಕೋಣೆಯಲ್ಲಿ ನನಗೆ ನಿದ್ದೆ ಬರಲ್ಲ. ನಾನು ಕೊರೆದ ಮನೆಯಲ್ಲೇ ಸಾಯ್ತೀನಿ."

ಇದೆಲ್ಲ ನಿಂತದ್ದು ಒಂದು ತಂತಿಯ ಮೇಲೆ. ಮತ್ತು ಆ ತಂತಿ ಆ ವರ್ಷದ ಬೇಸಿಗೆಯಲ್ಲಿ ಗುರುವಾರ ಹನ್ನೊಂದಕ್ಕೇ ಕೈಕೊಡಲು ಶುರುಮಾಡಿತು.

ಡಾಕ್ಟರು "ಈಗ ಜೋರಾಗಿ ಉಸಿರು..." ಎನ್ನುತ್ತಿದ್ದಂತೆ ಪರದೆಯಲ್ಲಿ ಆಕೆಯ ಬಾಯಿ ತೆರೆದಂತೆಯೇ ನಿಂತುಬಿಡುತ್ತಿತ್ತು. ಕ್ಷಣ ಬಿಟ್ಟು ಬರುವುದು, ಮತ್ತೆ ಹೋಗುವುದು. ನಾನು ತಿಹೊಗೆ ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ಬಿಸಿಲಿನಲ್ಲಿ ಗುಡ್ಡ ಬಳಸಿ ಹೋಗಿ ಅವನ ಬಾಗಿಲು ಬಡಿಯುತ್ತಿದ್ದೆ. ಎಷ್ಟೋ ಹೊತ್ತಿನ ಮೇಲೆ, ತಲೆ, ಹುಬ್ಬು, ಮೀಸೆಯೆಲ್ಲ ಬೆಳ್ಳಗೆ ಮಾಡಿಕೊಂಡು ಬಾಗಿಲು ತೆಗೆಯುತ್ತಿದ್ದ.

"ಏನೋ ಇದು ವೇಷ?"

"ಬ್ರೆಡ್ಡಿಗೆ ಹಿಟ್ಟು ಕಲಸ್ತಿದ್ದೆ ಟೀಚರಮ್ಮ. ಏನಾಯ್ತು, ಮತ್ತೆ ಹೋಯ್ತಾ? ನಡೀರಿ."

ಅವನು ನಮ್ಮ ಮನೆಯೊಳಗೆ ಕಾಲಿಟ್ಟರೆ ಸಂಪರ್ಕ ಬಂಡೆಯಂತೆ ಗಟ್ಟಿ. ಅವನಿದ್ದಷ್ಟು ಹೊತ್ತು ಒಂದು ಸಲವೂ ಕಡಿಯುತ್ತಿರಲಿಲ್ಲ. ಆದರೆ ಅಷ್ಟರಲ್ಲಿ ಡಾಕ್ಟರು ಮುಂದಿನ ರೋಗಿಯ ಕಡೆ ಹೋಗಿಬಿಟ್ಟಿರುತ್ತಿದ್ದರು.

"ನಿನ್ನ ಮೋರೆ ಕಂಡ್ರೆ ಪೆಟ್ಟಿಗೆಗೂ ಹೆದರಿಕೆ ಕಣೋ" ಎಂದು ಸ್ಟೆರ್ಯೋಸ್ ನಳಿಕೆಯೊಳಗೇ ನಗುತ್ತಿದ್ದ. "ಒಂದು ಫೋಟೋ ತೆಗೆದು ಇಲ್ಲಿ ನೇತುಹಾಕಿ ಹೋಗು, ಸಾಕು."

ತಿಹೊ ನಗಲಿಲ್ಲ. ಕಾರಣ ಸಿಗದ ತೊಂದರೆ ಅವನಿಗೆ ಹಲ್ಲುನೋವಿದ್ದಂತೆ. ಪ್ಲಗ್‌ಗಳನ್ನು ಬದಲಿಸಿದ. ತನ್ನ ಕಡೆಯ ಪೆಟ್ಟಿಗೆ ನೋಡಿದ, ಸರಿ. ನಮ್ಮ ಕಡೆಯ ಪೆಟ್ಟಿಗೆ ನೋಡಿದ, ಸರಿ. ಹಾಗಾದರೆ ತಪ್ಪು ನಡುವೆ, ಗೋಡೆಯೊಳಗೆ. ಆದರೆ ಅವನು ಪರೀಕ್ಷಿಸುವಾಗ ಗೋಡೆಯೊಳಗೂ ಎಲ್ಲ ಸರಿಯೇ.

ನಾಲ್ಕನೆಯ ವಾರ ಡಾಕ್ಟರು ಫೋನ್ ಮಾಡಿದರು. ಮೆತ್ತಗಿನ ದನಿಯಲ್ಲೇ ಹೇಳಿದರು: "ಫೊಟಿನಿ ಅವರೇ, ಕಣ್ಣಿಗೆ ಕಾಣದ ರೋಗಿಯನ್ನು ನಾನು ಮನೆಯಲ್ಲಿ ಇರಿಸಲಾರೆ. ಇನ್ನೆರಡು ವಾರ ನೋಡೋಣ. ಆಮೇಲೂ ಹೀಗೇ ಆದ್ರೆ ಅವರನ್ನ ಇಲ್ಲಿಗೆ ಕರೆತರಬೇಕಾಗುತ್ತೆ."

ಅದನ್ನು ತಿಹೊಗೆ ಹೇಳಿದಾಗ ಅವನು ಒಂದು ಖಾಲಿ ಹಾಳೆ ಎಳೆದು ನನ್ನ ಮುಂದಿಟ್ಟ. "ಒಂದು ಕೆಲಸ ಮಾಡಿ. ಕಡಿದಾಗೆಲ್ಲ ಗಡಿಯಾರ ನೋಡಿ ಬರೆದಿಡಿ. ಇಷ್ಟು ದಿನದ್ದು ನೆನಪಿದ್ರೆ ಅದೂ ಬೇಕು. ಕೆಟ್ಟದ್ದು ಯಾವಾಗ ಅನ್ನೋದಷ್ಟೇ ಅಲ್ಲ, ಸರಿಯಿದ್ದದ್ದು ಯಾವಾಗ ಅನ್ನೋದೂ ಬರೀರಿ."

ನಾನು ಲೈಬ್ರರಿಯವಳು, ಬರೆದಿಡುವುದು ನನ್ನ ಕಸುಬು. ಮುಂದಿನ ಗುರುವಾರ ಮಧ್ಯಾಹ್ನ ಊಟಕ್ಕೆ ಬಂದವನ ಕೈಗೆ ಹಾಳೆ ಕೊಟ್ಟೆ. ಐದು ಗುರುವಾರಗಳ ಲೆಕ್ಕ ಅದರಲ್ಲಿತ್ತು. ಹನ್ನೊಂದು ಗಂಟೆ ಐದು ನಿಮಿಷಕ್ಕೆ ಶುರು. ಹನ್ನೊಂದು ಇಪ್ಪತ್ತರಿಂದ ಮೂವತ್ತೈದರವರೆಗೆ ಪ್ರತಿ ಸಲವೂ ಸರಿ. ಮತ್ತೆ ಹನ್ನೆರಡರವರೆಗೆ ಕಾಟ. ಒಂದು ಗುರುವಾರ ಮಾತ್ರ ಒಮ್ಮೆಯೂ ಕಡಿದಿರಲಿಲ್ಲ. ಅದರ ಪಕ್ಕದಲ್ಲಿ ನಾನು "ಅದೃಷ್ಟ" ಎಂದು ಬರೆದಿದ್ದೆ.

ತಿಹೊ ಆ ಪದದ ಮೇಲೆ ಬೆರಳಿಟ್ಟ. "ಇದು ಮೂರನೇ ವಾರ ಅಲ್ವಾ?"

"ಹೌದು. ನೀನು ಹಲ್ಲು ಕೀಳಿಸೋಕೆ ಊರಾಚೆ ಹೋಗಿದ್ದೆಯಲ್ಲ, ಆ ವಾರ."

ಅವನು ಮುಂದೆ ಬಡಿಸಿದ್ದ ಬೀನ್ಸ್ ಸೂಪನ್ನು ಮುಟ್ಟದೆ ಎದ್ದ. ಇಪ್ಪತ್ತು ವರ್ಷದಲ್ಲಿ ಅವನು ನಮ್ಮ ಮನೆಯಲ್ಲಿ ತಟ್ಟೆ ಬಿಟ್ಟು ಎದ್ದದ್ದು ಅದೊಂದೇ ಸಲ.

ಅವನು ಆ ದಿನ ಏನು ಮಾಡಿದನೆಂದು ನನಗೆ ತಿಳಿದದ್ದು ಆಮೇಲೆ. ಮನೆಗೆ ಹೋಗಿ ದಿಕ್ಸೂಚಿ, ಅಳತೆ ಪಟ್ಟಿ ಹಿಡಿದು ತಾನು ಗುಟ್ಟಾಗಿ ತೋಡುತ್ತಿದ್ದ ಆರನೆಯ 'ಮಲಗುವ ಕೋಣೆ'ಯನ್ನು ಅಳೆದ. ಎರಡು ತಿಂಗಳಿಂದ ಅವನು ಅಲ್ಲೊಂದು ಬಣ್ಣದ ಜಾಡು ಹಿಡಿದಿದ್ದ. ಗುಡ್ಡದ ಹಿಂಬದಿಗೆ, ಯಾರೂ ಇಲ್ಲದ ಕಡೆಗೆ ಹೋಗುತ್ತಿದ್ದೇನೆಂದು ನಂಬಿದ್ದ. ಜಾಡು ಬಾಗಿತ್ತು, ಅದರ ಜೊತೆ ಅವನೂ ಬಾಗಿದ್ದ. ಅಳೆದಾಗ ಗಡಿ ದಾಟಿ ನಮ್ಮ ಉಗ್ರಾಣದ ಗೋಡೆಯ ಹಿಂದೆ, ಒಂದು ಮೊಳ ದೂರದಲ್ಲಿ ನಿಂತಿದ್ದ. ಇನ್ನು ಗುರುವಾರ ಹನ್ನೊಂದೇ ಯಾಕೆ? ಆ ಹೊತ್ತಿನಲ್ಲಿ ನಾವಿಬ್ಬರೂ ಮನೆಯ ಮುಂಭಾಗದಲ್ಲಿ, ಡಾಕ್ಟರ ದನಿ ಜೋರಾಗಿಟ್ಟುಕೊಂಡು ಕೂತಿರುತ್ತಿದ್ದೆವು. ಅಗೆಯುವ ಯಂತ್ರದ ಸದ್ದು ಕೇಳುವುದಿಲ್ಲವೆಂದು ಅವನೇ ಆರಿಸಿಕೊಂಡ ಸಮಯ ಅದು. ಯಂತ್ರ ಅದುರಿದಾಗಲೆಲ್ಲ ಗೋಡೆಯೊಳಗಿನ ಜೋಡಣೆ ಸಡಿಲವಾಗುತ್ತಿತ್ತು. ಹನ್ನೊಂದು ಇಪ್ಪತ್ತಕ್ಕೆ ಅವನು ಕಾಫಿ ಕುಡಿಯುತ್ತಿದ್ದ. ನಾನು ಬಾಗಿಲು ಬಡಿದರೆ ಯಂತ್ರ ಇಟ್ಟು ಬರುತ್ತಿದ್ದ. ಬ್ರೆಡ್ಡಂತೂ ನಮಗೆ ಒಂದು ದಿನವೂ ಸಿಕ್ಕಿರಲಿಲ್ಲ.

ಅಂದೇ ಅವನು ಯಂತ್ರ ನಿಲ್ಲಿಸಿದ; ಅಷ್ಟಕ್ಕೇ ಮುಗಿದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಮುಂದಿನ ಬುಧವಾರ ಸಂಜೆ ನಮ್ಮ ಪೆಟ್ಟಿಗೆಯ ಹಸಿರು ದೀಪ ಪೂರ್ತಿ ಆರಿತು. ಇಷ್ಟು ವಾರ ಅದುರಿ ಅದುರಿ ಸವೆದಿದ್ದ ಜೋಡಣೆ ಬಿಟ್ಟೇಹೋಗಿತ್ತು. ಗುಡ್ಡದ ಮೇಲಿಂದ ಬೇರೆ ತಂತಿ ಎಳೆಯೋಣವೆಂದರೆ ಊರಿನಲ್ಲಿ ಅಷ್ಟುದ್ದದ ತಂತಿಯಿಲ್ಲ. ಶನಿವಾರದ ಲಾರಿಯಲ್ಲಿ ಬರಬೇಕು. ಸ್ಟೆರ್ಯೋಸ್‌ನನ್ನು ಆ ಬಿಸಿಲಿನಲ್ಲಿ ಗುಡ್ಡ ಬಳಸಿ ತಿಹೊನ ಮನೆಗೆ ಕರೆದೊಯ್ಯುವ ಮಾತೇ ಇಲ್ಲ. ಮರುದಿನ ಡಾಕ್ಟರು ಹೇಳಿದ್ದ ಕೊನೆಯ ಗುರುವಾರ. ನಾನು ಆ ಸಂಜೆಯೇ ಸ್ಟೆರ್ಯೋಸ್‌ನ ಅಂಗಿಗಳನ್ನು ಮಡಿಸಿ ಸೂಟ್‌ಕೇಸಿಗೆ ಹಾಕಿದೆ. ಅವನು ನೋಡುತ್ತಿದ್ದ.

ಮುರಿದ ಜೋಡಣೆ ಇದ್ದದ್ದು ಬಂಡೆಯ ನಟ್ಟನಡುವೆ. ಅದಕ್ಕೆ ಕೈ ಎಟುಕುವ ಜಾಗ ಒಂದೇ ಒಂದು: ತಿಹೊನ ಗುಟ್ಟಿನ ಸುರಂಗ.

ನಮ್ಮೂರಿನಲ್ಲಿ ಬೇರೆಯವರ ಪಾಲಿನ ನೆಲದೊಳಕ್ಕೆ ಸುರಂಗ ತಿರುಗಿಸಿ ಬಣ್ಣ ಕದಿಯುವವನಿಗೆ ಹೆಗ್ಗಣ ಎನ್ನುತ್ತೇವೆ. ಕೊಲೆಗಾರನ ಜೊತೆ ಬೇಕಾದರೆ ಬಿಯರ್ ಕುಡಿದಾರು, ಹೆಗ್ಗಣದ ಜೊತೆ ಕುಡಿಯುವುದಿಲ್ಲ. ಸ್ಟೆರ್ಯೋಸ್‌ನ ಹಳೆಯ ಪಾಲುದಾರ ಹಾಗೆ ಮಾಡಿದ್ದ. ಆಮೇಲೆ ಇಪ್ಪತ್ತೆರಡು ವರ್ಷ ಸ್ಟೆರ್ಯೋಸ್ ಅವನ ಜೊತೆ ಮಾತಾಡಲಿಲ್ಲ, ಅವನ ಹೆಣ ನೋಡಲೂ ಹೋಗಲಿಲ್ಲ. ತಿಹೊಗೆ ಇದೆಲ್ಲ ಗೊತ್ತಿತ್ತು.

ಗುರುವಾರ ಬೆಳಿಗ್ಗೆ ಒಂಬತ್ತೂವರೆಗೆ ಫೋನ್ ಬಂತು.

"ಟೀಚರಮ್ಮ, ಉಗ್ರಾಣದ ಬಾಗಿಲು ಹಾಕಿ. ಕೆಳಗಿನ ಸಂದಿಗೆ ಒದ್ದೆ ಟವೆಲ್ ತುರುಕಿ. ಧೂಳು ಒಂದು ಚಿಟಿಕೆಯೂ ಸ್ಟೆರ್ಯೋಸಣ್ಣನ ಕಡೆ ಬರಬಾರದು."

"ಯಾಕೋ? ಏನು ಮಾಡ್ತಿದೀಯಾ?"

"ಯಾಕೆ ಅಂತ ನಿಮಗೇ ಗೊತ್ತಾಗುತ್ತೆ. ಬೇಗ ಮಾಡಿ."

ಆಮೇಲೆ ಗೋಡೆಯೊಳಗಿಂದ ಟಕ್, ಟಕ್ ಎಂದು ಕೇಳತೊಡಗಿತು. ಯಂತ್ರವಲ್ಲ, ಉಳಿ, ಸುತ್ತಿಗೆ. ಮುರಿದ ಬೆನ್ನಿಟ್ಟುಕೊಂಡು, ಕಲ್ಲಿಗೆ ನೀರು ಎರಚಿ ಎರಚಿ ಕೆತ್ತುತ್ತಿದ್ದ. ಮುಂದಿನ ಕೋಣೆಯಲ್ಲಿ ಸ್ಟೆರ್ಯೋಸ್ ತಲೆಯೆತ್ತಿದ. ನಲವತ್ತು ವರ್ಷ ಕಲ್ಲಿನ ಸದ್ದು ಕೇಳಿದ ಕಿವಿ.

"ಫೊಟಿನಿ, ಇದು ಅವನ ಮನೆಯಲ್ಲಿ ಅಲ್ಲ. ಇದು ನಮ್ಮ ಮನೆಯಲ್ಲಿ" ಎಂದ. ಸ್ವಲ್ಪ ಹೊತ್ತು ಆಲಿಸಿ, "ಹೆಗ್ಗಣ" ಎಂದ. ಅವನ ದನಿಯಲ್ಲಿ ಕೋಪಕ್ಕಿಂತ ನೋವು ಹೆಚ್ಚಿತ್ತು.

ಹತ್ತೂಮುಕ್ಕಾಲಿಗೆ ಉಗ್ರಾಣದಲ್ಲಿ ಏನೋ ಕುಸಿದ ಸದ್ದು, ಆಲಿವ್ ಜಾಡಿಯೊಂದು ಒಡೆದ ಸದ್ದು. ಬಾಗಿಲಿನಾಚೆಯಿಂದ ತಿಹೊ ಮಾತಾಡಿದ. ಏದುಸಿರು ಬಿಡುತ್ತಿದ್ದ.

"ಅಣ್ಣಾ, ನಾನು ಕಣೋ. ಇಷ್ಟು ವಾರ ಕೆಡಿಸಿದ್ದು ನಾನೇ. ಗುಡ್ಡದ ಹಿಂದಕ್ಕೆ ಹೋಗ್ತಿದೀನಿ ಅಂದ್ಕೊಂಡಿದ್ದೆ, ನಿನ್ನ ಗೋಡೆ ಹಿಂದೆ ಬಂದಿದ್ದೆ. ಬೈಯೋದಿದ್ರೆ ಹನ್ನೆರಡು ಗಂಟೆಗೆ ಬೈ. ಈಗ ಟೈಮಿಲ್ಲ."

ತಂತಿಯ ತುದಿ ಕತ್ತರಿಸುವ ಸದ್ದು ಕೇಳಿಸಿತು. ಹತ್ತು ಐವತ್ತಾರಕ್ಕೆ ನಮ್ಮ ಪೆಟ್ಟಿಗೆಯಲ್ಲಿ ಹಸಿರು ದೀಪ ಹೊತ್ತಿತು.

ಆ ದಿನ ಡಾಕ್ಟರು ನಲವತ್ತು ನಿಮಿಷ ನೋಡಿದರು. ಅಂಗಿ ಬಿಚ್ಚಿಸಿದರು, ನಡೆಸಿದರು, ಕೂರಿಸಿದರು, ರಕ್ತದ ಆಮ್ಲಜನಕ ಅಳೆಯಲು ಬೆರಳಿಗೆ ಸಿಕ್ಕಿಸಿದ ಯಂತ್ರದ ಅಂಕಿಗಳನ್ನು ನನ್ನಿಂದ ಓದಿಸಿದರು. ಚಿತ್ರ ಒಂದು ಕ್ಷಣವೂ ನಿಲ್ಲಲಿಲ್ಲ.

"ಇವತ್ತು ಮುಖ ಕೆಂಪಗಿದೆಯಲ್ಲ ಸ್ಟೆರ್ಯೋಸ್? ಏನಾದರೂ ಆಯಿತಾ?"

"ಕೋಪ ಬಂದಿದೆ ಡಾಕ್ಟರೇ."

"ಬರಲಿ, ಉಸಿರು ಪರವಾಗಿಲ್ಲ. ನಿಮ್ಮನ್ನ ವಾರಾವಾರ ಹೀಗೆ ನೋಡೋಕೆ ಸಿಕ್ಕಿದ್ರೆ ಮನೆಯಲ್ಲೇ ಇರಿ. ಒಂದು ವಾರ ತಪ್ಪಿದ್ರೂ ನಾನು ಸುಮ್ಮನಿರಲ್ಲ."

ಪರದೆ ಆರಿದ ಮೇಲೆ ಸ್ಟೆರ್ಯೋಸ್ ಅವನನ್ನು ಕರೆಸಿದ. ತಿಹೊ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಮುಂಬಾಗಿಲಿನಿಂದಲೇ ಬಂದ. ಎರಡು ತಿಂಗಳಲ್ಲಿ ಆ ಜಾಡಿನಿಂದ ತೆಗೆದದ್ದನ್ನೆಲ್ಲ ಒಂದು ಟೀ ತಟ್ಟೆಯಲ್ಲಿ ತಂದು ಮೇಜಿನ ಮೇಲಿಟ್ಟ. ಸ್ಟೆರ್ಯೋಸ್ ಒಂದೊಂದೇ ಚೂರನ್ನು ದೀಪಕ್ಕೆ ಹಿಡಿದು ನೋಡಿದ. ಎಲ್ಲ ಬೂದು ಬಣ್ಣದ ಬರಡು ಕಲ್ಲು. ಮಿಂಚು ಎಂಬುದು ಒಂದರಲ್ಲೂ ಇರಲಿಲ್ಲ.

"ಇದಕ್ಕೇನೋ?" ಎಂದ.

"ಇದಕ್ಕೇ ಅಣ್ಣ. ಮುಂದಿನ ಅಡಿಯಲ್ಲಿ ಇರುತ್ತೆ ಅನ್ಸ್ತಿತ್ತು."

ಆ ಮಾತು ಸ್ಟೆರ್ಯೋಸ್‌ಗೆ ಗೊತ್ತಿಲ್ಲದ್ದಲ್ಲ. ಅವನೂ ನಲವತ್ತು ವರ್ಷ ಅದನ್ನೇ ಅಂದುಕೊಂಡು ಅಗೆದವನು. ನಗು ಬಂತು, ನಗುವಿನಿಂದ ಕೆಮ್ಮು ಬಂತು, ಕೆಮ್ಮಿನಿಂದ ಕಣ್ಣಲ್ಲಿ ನೀರು ಬಂತು. ತಿಹೊ ಓಡಿ ನೀರು ತಂದುಕೊಟ್ಟ. ಕುಡಿದು ಸುಧಾರಿಸಿಕೊಂಡ ಮೇಲೆ ಸ್ಟೆರ್ಯೋಸ್ ಮುಖ ಬಿಗಿದುಕೊಂಡು ಹೇಳಿದ:

"ನಿನ್ನನ್ನ ನಂಬಲ್ಲ. ಇನ್ಮೇಲೆ ಗುರುವಾರ ಹನ್ನೊಂದಕ್ಕೆ ನೀನು ಇಲ್ಲಿ, ಈ ಕುರ್ಚಿಯಲ್ಲಿ, ಎರಡೂ ಕೈ ನನಗೆ ಕಾಣೋ ಹಾಗೆ ಕೂತಿರಬೇಕು. ತಿಳೀತಾ?"

"ತಿಳೀತು ಅಣ್ಣ."

"ಕಾಫಿ ಹನ್ನೆರಡಕ್ಕೆ. ಅದಕ್ಕೆ ಮೊದಲು ಇಲ್ಲ."

ಅದು ಶಿಕ್ಷೆಯೋ ಕ್ಷಮೆಯೋ ನಾನು ಇಬ್ಬರನ್ನೂ ಕೇಳಲಿಲ್ಲ. ಮರುವಾರ ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗಲೇ ತಿಹೊ ಬಂದು, ಮೊಣಕಾಲಿನ ಮೇಲೆ ಎರಡೂ ಅಂಗೈ ಇಟ್ಟುಕೊಂಡು, ಶಾಲೆಯ ಹುಡುಗನಂತೆ ಕೂತ. ಡಾಕ್ಟರು "ಇವರು ಯಾರು?" ಎಂದರೆ ಸ್ಟೆರ್ಯೋಸ್ "ನಮ್ಮನೆ ಹೆಗ್ಗಣ" ಎಂದ. ಬರಬರುತ್ತ ಅಂಕಿ ಓದುವುದು ಅವನ ಕೆಲಸವಾಯಿತು, ಆಮೇಲೆ ನಳಿಕೆ ಬದಲಿಸುವುದು, ಆಮೇಲೆ ಬೆನ್ನಿಗೆ ದಿಂಬು ಇಡುವುದು. ಸ್ಟೆರ್ಯೋಸ್‌ಗೆ ಮಾತಾಡಲು ಉಸಿರು ಸಾಲದಾದಾಗ ಅವನ ಪರವಾಗಿ ಡಾಕ್ಟರ ಜೊತೆ ಜಗಳವಾಡಿದ್ದೂ ತಿಹೊನೇ. ಆರನೆಯ ಕೋಣೆಯಲ್ಲಿ ಮತ್ತೆ ಅವನು ಉಳಿ ಎತ್ತಲಿಲ್ಲ.

ಹೀಗೆ ಮೂರು ವರ್ಷ ನಾಲ್ಕು ತಿಂಗಳು. ಸೂಟ್‌ಕೇಸಿನಿಂದ ಅಂಗಿಗಳು ಕಪಾಟಿಗೆ ಮರಳಿ, ಅಲ್ಲೇ ಹಳೆಯದಾದವು. ಸ್ಟೆರ್ಯೋಸ್ ತಾನು ಕೊರೆದ ಕೋಣೆಯಲ್ಲಿ, ಕಿಟಕಿಯಿಲ್ಲದ ಗೋಡೆಯ ಕಡೆ ಮುಖ ಮಾಡಿ, ಒಂದು ಮಂಗಳವಾರ ಬೆಳಗಿನ ಜಾವ ಹೋದ. ಬುಧವಾರ ಮಣ್ಣು ಮಾಡಿದೆವು.

ಗುರುವಾರದ ಕರೆಯನ್ನು ರದ್ದು ಮಾಡಬೇಕೆಂದು ನನಗೆ ಹೊಳೆದಿರಲಿಲ್ಲ. ಹತ್ತು ಐವತ್ತಕ್ಕೆ ತಿಹೊ ಬಂದ. ನಾನು ಅಡುಗೆಮನೆಯಿಂದ ಏಳಲಿಲ್ಲ. ಅವನು ಒಬ್ಬನೇ ಹೋಗಿ ಕಂಪ್ಯೂಟರ್ ಹಾಕಿ, ತನ್ನ ಕುರ್ಚಿಯಲ್ಲೇ ಕೂತು, ಡಾಕ್ಟರ ಮುಖ ಬರುವುದನ್ನು ಕಾದ.

"ಡಾಕ್ಟರೇ, ಅಣ್ಣ ಮಂಗಳವಾರ ಹೋದ. ಮನೆಯಲ್ಲೇ. ಫೋನಲ್ಲಿ ಹೇಳೋದು ಸರಿಯಲ್ಲ ಅನ್ನಿಸ್ತು, ನಿಮ್ಮ ಮುಖ ನೋಡಿ ಹೇಳೋಣ ಅಂತ ಬಂದೆ."

ಆಕೆ ಏನೋ ಕೇಳಿದರು. ಅವನು ನಿಧಾನವಾಗಿ, ಒಂದನ್ನೂ ಬಿಡದೆ, ಕೊನೆಯ ಎರಡು ದಿನದ ಅಂಕಿಗಳನ್ನೆಲ್ಲ ಹೇಳತೊಡಗಿದ. ಮುಕ್ಕಾಲು ಗಂಟೆ ಇಬ್ಬರೂ ಮಾತಾಡಿದರು. ಸಂಪರ್ಕ ಒಂದು ಸಲವೂ ಕಡಿಯಲಿಲ್ಲ.